ಅಮೆರಿಕದ ಎಂಎಫ್‌ಎ ಕೋರ್ಸುಗಳಿಗೆ (ಕಥೆ, ಕವಿತೆ ಬರೆಯುವವರ ಸ್ನಾತಕೋತ್ತರ ಪದವಿ) ಅರ್ಜಿ ಹಾಕಿದ್ದೇನೆ. ಫೆಬ್ರವರಿ ಮುಗಿಯುತ್ತಾ ಬಂದರೂ ಉತ್ತರವಿಲ್ಲ. ಆಸೆ ಬಿಡಬೇಕೇ?

ಬಿಡಬೇಡಿ. ಫೆಬ್ರವರಿಯಲ್ಲಿ ಉತ್ತರ ಬರಲಿಲ್ಲ ಎಂಬುದಕ್ಕೆ ಯಾವ ಅರ್ಥವೂ ಇಲ್ಲ.

ನೀವು ಬರೆದಿರುವುದನ್ನು ಒಮ್ಮೆ ಕೂಡಿಸಿ ಹೇಳುತ್ತೇನೆ, ಓದುವ ಉಳಿದವರಿಗೂ ಅನುಕೂಲವಾಗುತ್ತದೆ. ತಿಪಟೂರಿನವರು, ಇಂಗ್ಲಿಷ್ ಎಂ.ಎ. ಮುಗಿಸಿದ್ದೀರಿ. ಡಿಸೆಂಬರಿನಲ್ಲಿ ಸೃಜನಶೀಲ ಬರವಣಿಗೆಯ ಎಂಎಫ್‌ಎಗೆ, ಕಥೆಯ ವಿಭಾಗದಲ್ಲಿ, ಏಳೆಂಟು ಕಡೆ ಅರ್ಜಿ ಹಾಕಿದ್ದೀರಿ. ಒಂದು ಕಡೆಯಿಂದಲೂ ಸುದ್ದಿಯಿಲ್ಲ. ಅವರಿಗೇ ಬರೆದು ಕೇಳಬಹುದೇ, ಮನೆಯವರಿಗೆ ಏನು ಹೇಳಬೇಕು, ಊರಿನ ಖಾಸಗಿ ಪಿಯು ಕಾಲೇಜಿನವರು ಕೆಲಸಕ್ಕೆ ಕರೆಯುತ್ತಿದ್ದಾರೆ, ಒಪ್ಪಿಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ನಿಮ್ಮ ಜಿಲ್ಲೆಯವರೇ. ತುಮಕೂರಿನಲ್ಲಿ ಕುಳಿತು ಹೀಗೆಯೇ ಕಾದು, ಕೊನೆಗೆ ಒಂದು ಕಡೆಯ ವೇಟ್‌ಲಿಸ್ಟಿನಿಂದ ಸೀಟು ಸಿಕ್ಕಿ, ಕೋರ್ಸು ಮುಗಿಸಿ ಮರಳಿ ಬಂದಿದ್ದೇನೆ. ಈಗ ಇಲ್ಲಿನ ಪದವಿ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಆಗಾಗ ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರವನ್ನೂ ಬರೆದುಕೊಡುತ್ತೇನೆ.

ನಮ್ಮ ಕಡೆ ಗಾಬರಿ ಹುಟ್ಟುವುದೇ ಎಂ.ಎಸ್. ಲೆಕ್ಕದಿಂದ. ತುಮಕೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಬೀದಿಗೊಬ್ಬರಾದರೂ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದವರಿದ್ದಾರೆ. ಅವರಿಗೆ ಇಷ್ಟು ಹೊತ್ತಿಗೆ ಪತ್ರ ಬಂದಿರುತ್ತದೆ, ಬ್ಯಾಂಕಿನ ಕಡೆ ಓಡಾಟ ಶುರುವಾಗಿರುತ್ತದೆ. ಅಲ್ಲಿ ಅಂಕ, ಪರೀಕ್ಷೆಯ ಸ್ಕೋರು ಹೆಚ್ಚು ತೂಗುತ್ತವೆ, ಸೀಟುಗಳೂ ಹೆಚ್ಚು. ಎಂಎಫ್‌ಎಯಲ್ಲಿ ನಿಮ್ಮ ಅಂಕಪಟ್ಟಿಯನ್ನು ಒಂದು ಕಣ್ಣಿನಲ್ಲಿ ನೋಡಿ ಪಕ್ಕಕ್ಕಿಡುತ್ತಾರೆ. ತೂಗುವುದು ನೀವು ಕಳಿಸಿದ ಇಪ್ಪತ್ತೈದು ಮೂವತ್ತು ಪುಟದ ಕಥೆಯನ್ನು. ಅದನ್ನು ಓದುವವರು ಅಲ್ಲಿಯೇ ಪಾಠ ಹೇಳುವ ನಾಲ್ಕಾರು ಬರಹಗಾರರು. ಅರ್ಜಿಗಳು ನೂರಾರು, ಕೆಲವು ಕಡೆ ಸಾವಿರ ದಾಟುತ್ತವೆ. ಸೀಟುಗಳೋ ಕೈಬೆರಳಿನಲ್ಲಿ ಎಣಿಸುವಷ್ಟು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಎಂಟೇ ಜನ: ನಾಲ್ವರು ಕಥೆಗೆ, ನಾಲ್ವರು ಕವಿತೆಗೆ. 1936ರಲ್ಲಿ ಶುರುವಾದ, ಈ ಬಗೆಯ ಕೋರ್ಸುಗಳಲ್ಲೇ ಹಳೆಯದಾದ ಅಯೋವಾ ವಿಶ್ವವಿದ್ಯಾಲಯದ ಕೋರ್ಸಿನಲ್ಲಿ ಕಥೆಗೆ ಇಪ್ಪತ್ತೈದರ ಆಸುಪಾಸು. ತಮ್ಮ ತರಗತಿಯ ಕೆಲಸದ ಜೊತೆಗೇ ಇಷ್ಟನ್ನೂ ಅವರು ಓದಿ, ಜಗಳವಾಡಿ, ಪಟ್ಟಿ ಮಾಡಬೇಕು.

ಹಾಗಾಗಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಅರ್ಜಿಯ ಕೊನೆಯ ದಿನಗಳು. ಮೊದಲ ಸುದ್ದಿಗಳು ಹೊರಡುವುದು ಫೆಬ್ರವರಿಯಲ್ಲಿ, ನಮ್ಮಲ್ಲಿ ಸಿದ್ಧಗಂಗೆಯ ಜಾತ್ರೆ ನಡೆಯುವ ಹೊತ್ತಿಗೆ. ಹೆಚ್ಚಿನವು ಬರುವುದು ಮಾರ್ಚಿನಲ್ಲಿ. ಆಯ್ಕೆಯಾದವರಿಗೆ ಮೊದಲು ತಿಳಿಸುತ್ತಾರೆ, ವೇಟ್‌ಲಿಸ್ಟಿನವರಿಗೆ ಆಮೇಲೆ. ಇಲ್ಲ ಎನ್ನುವ ಪತ್ರಗಳು ಎಲ್ಲಕ್ಕಿಂತ ಕೊನೆಗೆ, ಕೆಲವೊಮ್ಮೆ ಏಪ್ರಿಲ್ ಕಳೆದ ಮೇಲೆ. ಯಾರಿಗೋ ಕರೆ ಬಂತಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಅದು ಕವಿತೆಗೋ ಕಥೆಗೋ ಎಂದು ಕೇಳಿಕೊಳ್ಳಿ. ಎರಡಕ್ಕೂ ಸಮಿತಿ ಬೇರೆ, ದಿನವೂ ಬೇರೆಯಾಗಿರಬಹುದು.

ಏಪ್ರಿಲ್ 15 ಎಂಬ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ತಮ್ಮಲ್ಲೇ ಮಾಡಿಕೊಂಡಿರುವ ಒಪ್ಪಂದದ ಪ್ರಕಾರ, ಹಣದ ನೆರವಿನೊಂದಿಗೆ ಸೀಟು ಸಿಕ್ಕವರಿಗೆ ಯೋಚಿಸಲು ಆ ದಿನದವರೆಗೆ ಅವಕಾಶವಿದೆ. ಎರಡು ಮೂರು ಕಡೆ ಸೀಟು ಸಿಕ್ಕವರು ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು ಆ ವಾರದಲ್ಲೇ. ವೇಟ್‌ಲಿಸ್ಟು ಅಲುಗಾಡುವುದೂ ಆಗಲೇ. ನಿಮ್ಮನ್ನು ಯಾರಾದರೂ ವೇಟ್‌ಲಿಸ್ಟಿಗೆ ಹಾಕಿದರೆ ಅದು ಸಮಾಧಾನದ ಬಹುಮಾನವಲ್ಲ, ನಿಜವಾದ ಸಾಧ್ಯತೆ. ಈಗಲೂ ನನಗೆ ಆಸಕ್ತಿಯಿದೆ ಎಂದು ಎರಡು ಸಾಲು ಬರೆದು ಸುಮ್ಮನಾಗಿ. ವಾರಕ್ಕೊಮ್ಮೆ ನೆನಪಿಸುವುದು ಬೇಡ.

ಇನ್ನು ಗಡಿಯಾರದ ವಿಷಯ. ಹಗಲೆಲ್ಲ ಇಮೇಲ್ ತೆರೆದು ನೋಡುತ್ತಿದ್ದೀರಿ ಎಂದಿರಿ. ಹಗಲಿನಲ್ಲಿ ಅವರು ಮಲಗಿರುತ್ತಾರೆ! ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದಿದೆ, ಅಯೋವಾ, ಟೆಕ್ಸಾಸ್ ಕಡೆ ಹನ್ನೊಂದೂವರೆ, ಪಶ್ಚಿಮ ಕರಾವಳಿ ಹದಿಮೂರೂವರೆ. ಮಾರ್ಚಿನ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಈ ಅಂತರ ಒಂದೊಂದು ಗಂಟೆ ಇಳಿಯುತ್ತದೆ. ಅಂದರೆ ಸದ್ಯಕ್ಕೆ ಅವರ ಕಚೇರಿಗಳು ತೆರೆಯುವುದು ನಮ್ಮ ಸಂಜೆ ಏಳೂವರೆಯ ನಂತರ. ಶನಿವಾರ ಬೆಳಗಿನ ಜಾವ ಅವರ ಶುಕ್ರವಾರ ಮುಗಿದರೆ ಮತ್ತೆ ಸೋಮವಾರ ಸಂಜೆಯವರೆಗೆ ಏನೂ ಇಲ್ಲ. ಫೆಬ್ರವರಿಯ ಮೂರನೆಯ ಸೋಮವಾರ ಅವರಿಗೆ ರಜೆ, ಆ ದಿನವೂ ಇಲ್ಲ. ಬೆಳಿಗ್ಗೆ ಎದ್ದು ಒಮ್ಮೆ ನೋಡಿದರೆ ಸಾಕು. ತಿಪಟೂರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ: ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ತನ್ನ ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ, ದಿನವೂ ಏಣಿ ಹತ್ತಿ ಅಲ್ಲಾಡಿಸಿದರೆ ಬೇಗ ಒಣಗುವುದಿಲ್ಲ.

ಒಳ್ಳೆಯ ಸುದ್ದಿಯನ್ನು ಹಲವರು ಫೋನಿನಲ್ಲೇ ಹೇಳುತ್ತಾರೆ, ಪೋರ್ಟಲ್‌ನಲ್ಲಿ ಪತ್ರ ಕಾಣಿಸಿಕೊಳ್ಳುವುದು ಆಮೇಲೆ. ಆದ್ದರಿಂದ ಅಪರಿಚಿತ ಸಂಖ್ಯೆಗಳನ್ನು ತಡೆಹಿಡಿಯುವ ಸೆಟ್ಟಿಂಗನ್ನು ಈ ಎರಡು ತಿಂಗಳ ಮಟ್ಟಿಗೆ ತೆಗೆದುಹಾಕಿ. +1ರಿಂದ ಶುರುವಾಗುವ ಸಂಖ್ಯೆಯನ್ನು ಮೊಬೈಲು ವಂಚನೆಯ ಕರೆ ಎಂದು ಕೆಂಪಾಗಿ ತೋರಿಸಿದರೂ ಎತ್ತಿಕೊಳ್ಳಿ. ಒಟಿಪಿ ಕೇಳಿದರೆ ಇಟ್ಟುಬಿಡಿ, ಕಥೆಯ ಬಗ್ಗೆ ಮಾತಾಡಿದರೆ ಮುಂದುವರಿಸಿ. ನನಗೆ ಕರೆ ಬಂದದ್ದು ಏಪ್ರಿಲಿನ ಒಂದು ಸಂಜೆ. ಹೊರಗೆ ದೀಪ ಹಾಕಿಕೊಂಡು ಮನೆಯವರೆಲ್ಲ ಗೋಣಿಚೀಲದ ಮೇಲೆ ಹುಣಸೆಹಣ್ಣು ಸುರಿದುಕೊಂಡು ಕುಟ್ಟಿ, ನಾರು ಎಳೆದು, ಬೀಜ ಬಿಡಿಸುತ್ತಿದ್ದೆವು. ಬೆರಳುಗಳಿಗೆಲ್ಲ ಹುಣಸೆ ಮೆತ್ತಿ ಪರದೆ ನನ್ನ ಕೈಯನ್ನು ಗುರುತಿಸಲೇ ಇಲ್ಲ. ತಂಗಿ ಎದ್ದು ಬಂದು ಕರೆ ತೆಗೆದು ಫೋನನ್ನು ನನ್ನ ಕಿವಿಗೆ ಹಿಡಿದುಕೊಂಡಳು. ಆ ಕಡೆಯವರು ಸೀಟಿನ ವಿಷಯ ಹೇಳಿ, ಏನಾದರೂ ಪ್ರಶ್ನೆಗಳಿವೆಯೇ ಎಂದರು. ನನಗೆ ಒಂದೂ ಹೊಳೆಯಲಿಲ್ಲ. ಅಮ್ಮ ಕುಟ್ಟುವುದನ್ನು ನಿಲ್ಲಿಸಿ, ದುಡ್ಡಿನ ವಿಷಯ ಕೇಳು ಎಂದು ಸನ್ನೆ ಮಾಡಿದರು.

ಕೇಳಬೇಕಾದ ಪ್ರಶ್ನೆ ಅದೊಂದೇ. ನೀವು ನಿಮ್ಮ ಉದ್ದನೆಯ ಪ್ರಶ್ನೆಯಲ್ಲಿ ಅದರ ಸುದ್ದಿಯನ್ನೇ ಎತ್ತಿಲ್ಲ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ. ನೀವು ಕಾಯುತ್ತಿರುವುದು ‘ಆಯ್ಕೆಯಾಗಿದ್ದೀರಿ’ ಎಂಬ ಪತ್ರಕ್ಕೆ. ನಿಜವಾಗಿ ಕಾಯಬೇಕಾದದ್ದು ಹಣದ ವಿವರವಿರುವ ಪತ್ರಕ್ಕೆ. ಒಳ್ಳೆಯ ಎಷ್ಟೋ ಕೋರ್ಸುಗಳಲ್ಲಿ ಬೋಧನಾ ಶುಲ್ಕ ಮನ್ನಾ ಮಾಡಿ, ಮೇಲೆ ಸ್ಟೈಪೆಂಡ್ ಕೊಡುತ್ತಾರೆ. ಹೆಚ್ಚಿನ ಕಡೆ ಅದಕ್ಕೆ ಬದಲಾಗಿ ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯುವುದನ್ನು ನೀವು ಕಲಿಸಬೇಕು. ಮಿಷಿಗನ್, ಕಾರ್ನೆಲ್, ಟೆಕ್ಸಾಸ್‌ನ ಮಿಚೆನರ್ ಕೇಂದ್ರ ಮುಂತಾದವು ತಾವು ತೆಗೆದುಕೊಂಡ ಎಲ್ಲರಿಗೂ ಪೂರ್ತಿ ನೆರವು ಕೊಡುವುದಕ್ಕೇ ಹೆಸರಾದವು. ಆದರೆ ಸೀಟು ಕೊಟ್ಟು ಹಣದ ಬಗ್ಗೆ ಮೌನವಾಗಿರುವ, ಇಲ್ಲವೇ ಶುಲ್ಕದಲ್ಲಿ ಒಂದು ಚೂರು ಕಡಿಮೆ ಮಾಡಿ ಅದನ್ನೇ ಗೌರವ ವಿದ್ಯಾರ್ಥಿವೇತನ ಎಂದು ಕರೆಯುವ ಕೋರ್ಸುಗಳೂ ಉಂಟು. ಪತ್ರ ಬಂದ ದಿನ ಸಂತೋಷದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಶುಲ್ಕ ಪೂರ್ತಿ ಮನ್ನಾ ಆಗುತ್ತದೆಯೇ, ಎಲ್ಲ ವರ್ಷಗಳಿಗೂ ಆಗುತ್ತದೆಯೇ ಎಂದು ಕೇಳಿ. ಆರೋಗ್ಯ ವಿಮೆ ಯಾರ ಲೆಕ್ಕಕ್ಕೆ, ಇತರ ಶುಲ್ಕಗಳೆಷ್ಟು ಎಂದೂ ಕೇಳಿ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ ಎಂಬುದನ್ನು ಮರೆಯಲೇಬೇಡಿ. ಒಂಬತ್ತು ತಿಂಗಳಿಗೆ ಮಾತ್ರ ಕೊಡುವ ಕಡೆ ಬೇಸಿಗೆಯ ಮೂರು ತಿಂಗಳು ನಿಮ್ಮ ಪಾಡು ನಿಮ್ಮದು, ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲಿರುವವರು ಹೊರಗೆ ಎಲ್ಲೆಂದರಲ್ಲಿ ಕೆಲಸ ಮಾಡುವಂತಿಲ್ಲ.

ಸಾಲ ಮಾಡಿ ಹೋಗಬಹುದಲ್ಲ, ಎಂ.ಎಸ್.ಗೆ ಎಲ್ಲರೂ ಹಾಗೆಯೇ ಹೋಗುತ್ತಾರಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಂ.ಎಸ್. ಮಾಡಿದವರು ಓದು ಮುಗಿಸಿ ಅಲ್ಲೇ ಒಂದು ವರ್ಷ ಕೆಲಸ ಮಾಡಬಹುದು, ವಿಜ್ಞಾನ, ತಂತ್ರಜ್ಞಾನ ವಿಷಯದವರಾದ ಕಾರಣ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಸಾಲ ತೀರುವುದು ಆ ಸಂಬಳದಲ್ಲಿ. ಕಥೆ ಬರೆಯುವವರಿಗೆ ಆ 24 ತಿಂಗಳು ಇಲ್ಲ, ಆ ಸಂಬಳವಂತೂ ಇಲ್ಲವೇ ಇಲ್ಲ. ತೆಂಗಿನ ತೋಟದ ಪಹಣಿಯನ್ನು ಬ್ಯಾಂಕಿನಲ್ಲಿಟ್ಟು ಎಂಎಫ್‌ಎಗೆ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಕೋರ್ಸಿನ ಹೆಸರು ಎಷ್ಟೇ ದೊಡ್ಡದಿರಲಿ. ಇದು ಕಟುವಾಗಿ ಕೇಳಿಸಿದರೆ ಕೇಳಿಸಲಿ.

ಮನೆಯವರಿಗೆ ಹೇಳಬೇಕಾದದ್ದೂ ಇದನ್ನೇ. ಅವರ ಆತಂಕ ನಿಮ್ಮ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂಬುದಲ್ಲ, ಎಷ್ಟು ಸಾಲವಾಗುತ್ತದೆ ಎಂಬುದು. ‘ಪೂರ್ತಿ ಹಣ ಕೊಟ್ಟರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ, ಏಪ್ರಿಲ್ ಮುಗಿಯುವುದರೊಳಗೆ ತಿಳಿಯುತ್ತದೆ’ ಎಂದು ಸ್ಪಷ್ಟವಾಗಿ ಹೇಳಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ನೆಂಟರಿಗೆ ಇಷ್ಟನ್ನೂ ವಿವರಿಸುವ ಅಗತ್ಯವಿಲ್ಲ. ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನನ್ನು ಕಂಡಾಗಲೆಲ್ಲ, ಕಥೆ ಬರೆಯುವುದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕೇನಪ್ಪ, ಕೋಲಾರ ಜಿಲ್ಲೆಯ ಮಾಸ್ತಿಯವರು ಸರ್ಕಾರಿ ನೌಕರಿ ಮಾಡಿಕೊಂಡೇ ಬರೆಯಲಿಲ್ಲವೇ ಎನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ. ಅಲ್ಲಿ ಯಾರೂ ಬರೆಯುವುದನ್ನು ಕಲಿಸಿಕೊಡುವುದಿಲ್ಲ. ಕೊಡುವುದು ಎರಡು ಮೂರು ವರ್ಷದ ಬಿಡುವು, ನಿಮ್ಮ ಕಥೆಯನ್ನು ಸಾಲು ಸಾಲಾಗಿ ಓದಿಕೊಂಡು ಬಂದು ಮುಖದ ಮುಂದೆಯೇ ಟೀಕಿಸುವ ಹತ್ತು ಹನ್ನೆರಡು ಜನ. ಅಷ್ಟನ್ನು ಅವರ ಖರ್ಚಿನಲ್ಲಿ ಕೊಟ್ಟರೆ ಬೇಡವೆನ್ನುವುದೇಕೆ?

ಬರೆದು ಕೇಳಬಹುದೇ ಎಂಬುದಕ್ಕೆ: ಫಲಿತಾಂಶ ಏನಾಯಿತು ಎಂದು ಈಗ ಕೇಳಬೇಡಿ, ಉಪಯೋಗವಿಲ್ಲ. ಆದರೆ ಇವತ್ತೇ ಪ್ರತಿಯೊಂದು ಪೋರ್ಟಲ್‌ಗೂ ಹೋಗಿ, ಮೂರು ಶಿಫಾರಸು ಪತ್ರಗಳೂ ಸೇರಿವೆಯೇ, ಇಂಗ್ಲಿಷ್ ಪರೀಕ್ಷೆಯ ಅಂಕ ತಲುಪಿದೆಯೇ ಎಂದು ನೋಡಿ. ಇದು ನಿಜವಾದ ತೊಂದರೆ. ನಮ್ಮ ಮೇಷ್ಟ್ರುಗಳಿಗೆ ಬರುವ ಶಿಫಾರಸಿನ ಕೊಂಡಿ ಸ್ಪ್ಯಾಮ್‌ನಲ್ಲಿ ಮಲಗಿರುತ್ತದೆ, ಅವರು ‘ಕಳಿಸಿದೆನಲ್ಲಮ್ಮ’ ಎನ್ನುತ್ತಾರೆ. ಒಂದು ಪತ್ರ ಕಡಿಮೆಯಿದ್ದರೆ ಕೂಡಲೇ ಆ ವಿಭಾಗದ ಸಂಯೋಜಕರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ಒಂದು ಕಡೆ ಸೀಟು ಸಿಕ್ಕಿ, ಇನ್ನೊಂದು ಕಡೆ ಮೌನವಿದ್ದರೆ ಮಾರ್ಚ್ ಕೊನೆಯಲ್ಲಿ ಆ ವಿಷಯ ತಿಳಿಸಿ ವಿಚಾರಿಸಬಹುದು.

ಎಲ್ಲ ಕಡೆಯಿಂದಲೂ ಇಲ್ಲ ಎಂದೇ ಬಂದರೆ? ಬರಬಹುದು, ಎಂಟು ಸೀಟಿಗೆ ನೂರಾರು ಜನವಿರುವಾಗ ಅದು ನಿಮ್ಮ ಕಥೆಗೆ ಕೊಟ್ಟ ಅಂಕವಲ್ಲ. ಮುಂದಿನ ಸಲಕ್ಕೆ ಒಂದು ದಾರಿಯನ್ನು ಸೇರಿಸಿಕೊಳ್ಳಿ: ಅನುವಾದ. ಅಯೋವಾದಲ್ಲಿ ಸಾಹಿತ್ಯ ಅನುವಾದಕ್ಕೇ ಬೇರೆ ಎಂಎಫ್‌ಎ ಇದೆ, ಅರ್ಕನ್ಸಾ ವಿಶ್ವವಿದ್ಯಾಲಯದಲ್ಲೂ ಅನುವಾದದ ವಿಭಾಗವಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಸಂದಿದೆ. ಕನ್ನಡ ಎಂದರೆ ಯಾವ ಭಾಷೆ ಎಂದು ಈಗ ಮೊದಲಿನಷ್ಟು ವಿವರಿಸಬೇಕಾಗಿಲ್ಲ. ಎರಡೂ ಭಾಷೆ ಬಲ್ಲ ನಿಮಗೆ ಅದು ಎರಡನೆಯ ದರ್ಜೆಯ ಆಯ್ಕೆಯೇನಲ್ಲ. ಅರ್ಜಿಗಳಿಗೆ ಮಾತ್ರ ಹಣ ಎತ್ತಿಟ್ಟುಕೊಳ್ಳಿ, ಒಂದೊಂದಕ್ಕೂ ಐವತ್ತರಿಂದ ನೂರು ಡಾಲರ್ ಹಿಡಿಯುತ್ತದೆ. ಕೆಲವು ಕಡೆ ಕೇಳಿದರೆ ಮನ್ನಾ ಮಾಡುತ್ತಾರೆ.

ಕೊನೆಯದು, ಪಿಯು ಕಾಲೇಜಿನ ಕೆಲಸ. ಒಪ್ಪಿಕೊಳ್ಳಿ. ಅಲ್ಲಿ ತರಗತಿಗಳು ಶುರುವಾಗುವುದು ಜೂನ್ ಹೊತ್ತಿಗೆ, ಅಮೆರಿಕದಲ್ಲಿ ಆಗಸ್ಟ್ ಕೊನೆಗೆ. ಸೀಟು ಸಿಕ್ಕರೆ ವಿಶ್ವವಿದ್ಯಾಲಯದಿಂದ ಐ-20 (ವೀಸಾಕ್ಕೆ ಬೇಕಾದ ಪ್ರವೇಶದ ದಾಖಲೆ) ತರಿಸಿಕೊಂಡು, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ನೋಂದಣಿಗೆಂದು 350 ಡಾಲರಿನ ಸೆವಿಸ್ ಶುಲ್ಕ ಕಟ್ಟಿ, ಚೆನ್ನೈಗೋ ಹೈದರಾಬಾದಿಗೋ ವೀಸಾ ಸಂದರ್ಶನಕ್ಕೆ ಹೋಗಿಬರುವಷ್ಟರಲ್ಲಿ ಜುಲೈ ಆಗಿರುತ್ತದೆ. ಆಗ ಒಂದು ತಿಂಗಳು ಮೊದಲೇ ತಿಳಿಸಿ ಬಿಡಬಹುದು. ಕಲಿಸಿದ ಅನುಭವ ಅಲ್ಲಿ ತರಗತಿಗೆ ನಿಂತಾಗ ಉಪಯೋಗಕ್ಕೂ ಬರುತ್ತದೆ. ಆದರೆ ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಗಳನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಎನ್ನುವ ಆಡಳಿತ ಮಂಡಳಿಗಳಿವೆ. ಅದಕ್ಕೆ ಮಾತ್ರ ಒಪ್ಪಬೇಡಿ. ಮೂಲ ಪ್ರತಿಗಳನ್ನು ತೋರಿಸಿ, ದೃಢೀಕರಿಸಿದ ಜೆರಾಕ್ಸ್ ಕೊಟ್ಟು, ಮೂಲವನ್ನು ಅದೇ ದಿನ ಮನೆಗೆ ತೆಗೆದುಕೊಂಡು ಹೋಗಿ.