ಕಟಕಟೆಯ ಕೊನೆಯ ಸಂದು ಕೆಡದಿರಲು

ಮೆಟ್ಟಿಲ ಪಕ್ಕದ ಕಟಕಟೆಗೆ ಕೆಳಗಿನಿಂದ ಒಂದೊಂದೇ ಕಂಬಿ ನಿಲ್ಲಿಸುತ್ತಾ ಬಂದರೆ, ಕಂಬಿಗಳ ನಡುವಿನ ಸಂದುಗಳಲ್ಲಿ ಮೇಲಿನ ಕೊನೆಯದು ಮಾತ್ರ ಬೇರೆ ಅಳತೆಗೆ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಡ್ರಿಲ್ ಕೆಳಗಿಡಿ. ಲೆಕ್ಕ ಮುಗಿಯುವವರೆಗೆ ಒಂದು ತೂತೂ ಬೇಡ.

ಸಂದು ಇಷ್ಟೇ ಇರಲಿ ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದೀರಿ, ತೊಡಕು ಅಲ್ಲಿದೆ. ನಾವು ಹಾಕಬೇಕಾದದ್ದು ಮಿತಿ ಮಾತ್ರ. 100 ಮಿ.ಮೀ. ವ್ಯಾಸದ ಚೆಂಡು ಕಂಬಿಗಳ ನಡುವೆ ತೂರಬಾರದು ಎಂಬ ನಿಯಮ ಹಲವು ದೇಶಗಳಲ್ಲಿದೆ. ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಾರದಲ್ಲ! ಇದರಲ್ಲಿ ರಿಯಾಯಿತಿ ಕೇಳಲೇಬೇಡಿ.

ಎರಡು ತುದಿಗಂಬಗಳ ನಡುವಿನ ದೂರವನ್ನು ಓರೆಯಾಗಿ ಅಲ್ಲ, ಅಡ್ಡಮಟ್ಟಕ್ಕೆ ಅಳೆಯಿರಿ. ಅದು 1970 ಮಿ.ಮೀ., ಕಂಬಿಯ ದಪ್ಪ 40 ಎಂದುಕೊಳ್ಳೋಣ. ಕಂಬಿಗಳಿಗಿಂತ ಸಂದು ಯಾವಾಗಲೂ ಒಂದು ಹೆಚ್ಚು. 13 ಕಂಬಿಗೆ 14 ಸಂದು: 1970ರಲ್ಲಿ 520 ಕಳೆದು 14ರಿಂದ ಭಾಗಿಸಿದರೆ 103 ದಾಟುತ್ತದೆ, ಆಗದು. 14 ಕಂಬಿಗೆ 15 ಸಂದು: ಉಳಿದ 1410ನ್ನು 15ರಿಂದ ಭಾಗಿಸಿದರೆ ಸರಿಯಾಗಿ 94. ಕಂಬಿಯ ನಡುವಿನಿಂದ ನಡುವಿಗೆ 134.

ಈ 134ನ್ನು ಹಾಗೆಯೇ ಕಂಬಿಗಳ ಬುಡ ಕೂರುವ ಓರೆಯಾದ ಕೆಳಪಟ್ಟಿಯ ಮೇಲೆ ಗುರುತಿಸಬೇಡಿ. ಮೆಟ್ಟಿಲಿನ ಅಗಲ (ಮುಂದಿನಿಂದ ಹಿಂದಕ್ಕೆ, ಕಾಲಿಡುವ ಜಾಗ) 250, ಎತ್ತರ 180 ಇದ್ದರೆ ಓರೆಯಲ್ಲಿ ಅದು ಸುಮಾರು 165 ಆಗುತ್ತದೆ. ಟೇಪನ್ನು ಕೆಳಗಿನ ತುದಿಯಿಂದ ಕದಲಿಸದೆ ಎಲ್ಲ ಗುರುತುಗಳನ್ನೂ ಒಮ್ಮೆಗೇ ಹಾಕಿ. ನಾನು ಮೊದಲ ಸಲ ಮರದ ತುಂಡೊಂದನ್ನು ಸಂದಿಗೆ ಇಟ್ಟು ಕಂಬಿ ನಿಲ್ಲಿಸುತ್ತಾ ಹೋಗಿದ್ದೆ. ಪ್ರತಿ ಸಲ ಅರ್ಧ ಮಿ.ಮೀ. ಜಾರಿದರೂ 14 ಕಂಬಿಗೆ 7 ಮಿ.ಮೀ. ಸೇರಿಕೊಳ್ಳುತ್ತದೆ. ಕೊನೆಯ ಎರಡು ಕಂಬಿಗಳನ್ನು ಕಿತ್ತು ಮತ್ತೆ ಹಾಕಬೇಕಾಯಿತು.

ಕೆಳಗಿನ ಗುರುತನ್ನು ಕೈಹಿಡಿಗೆ ಒಯ್ಯಲು ತೂಗುಗುಂಡು ಬಳಸಿ. ನೂಲಿನ ಅಲುಗಾಟ ಪೂರ್ತಿ ನಿಂತ ಮೇಲೆಯೇ ಪೆನ್ಸಿಲ್ ಮುಟ್ಟಿಸಿ. ಆಮೇಲೆ ಪ್ರತಿ ಕಂಬಿಯ ಎರಡು ಮೈಗೂ ರಸಮಟ್ಟ ಹಿಡಿದು ನೋಡಿ. ಸಂದಿನಲ್ಲಿ 2 ಮಿ.ಮೀ. ಹೆಚ್ಚುಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ವಾಲಿದ ಒಂದೇ ಕಂಬಿ ಮಾತ್ರ ಬಾಗಿಲಿನಿಂದಲೇ ಕಾಣುತ್ತದೆ.

ಕಡೆದ ಕಂಬಿಗಳಾದರೆ ಸಂದನ್ನು ಅವುಗಳ ಅತಿ ಸಪೂರ ಭಾಗದಲ್ಲಿ ಅಳೆಯಬೇಕು, ಬುಡದಲ್ಲಿ ಅಲ್ಲ. ಕೆಳಪಟ್ಟಿ ಇಲ್ಲದೆ ನೇರವಾಗಿ ಮೆಟ್ಟಿಲ ಮೇಲೆ ನಿಲ್ಲಿಸುವುದಾದರೆ ಈ ಲೆಕ್ಕವೇ ಬೇಡ: 250ರ ಮೆಟ್ಟಿಲಿಗೆ ಎರಡೆರಡು, ನಡುವಿನಿಂದ ನಡುವಿಗೆ 125, ಸಂದು 85.

ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಣದಾಗಿ ನಿಲ್ಲಿಸಿ, ಕೆಳಗಿಳಿದು ನಿಂತು ಒಮ್ಮೆ ನೋಡಿ.