ಓಝೋನ್ ಹಾಕಿದರೆ ಹಾರ್ಮೋನ್ ಹೋಗುತ್ತಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರನ್ನು ಫ್ಲಶ್‌ಗೂ ಗಿಡಗಳಿಗೂ ಬಳಸುತ್ತೇವೆ. ಕೊನೆಗೆ ಕ್ಲೋರಿನ್ ಹಾಕುತ್ತೇವೆ. ಈಗ ಒಬ್ಬರು ಓಝೋನ್ ಮಶೀನ್ ಮಾರಲು ಬಂದಿದ್ದಾರೆ. ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಕೂಡ ಈ ನೀರಿನಲ್ಲಿರುತ್ತದೆ, ಅದನ್ನು ತೆಗೆಯಲು ಓಝೋನೇ ಬೇಕು ಅನ್ನುತ್ತಾರೆ. ನಂಬಬಹುದೇ ಸರ್?
– ಓದುಗರೊಬ್ಬರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಅರ್ಧ ನಂಬಿ.

ಮಾತ್ರೆಯ ಹಾರ್ಮೋನಿನ ಹೆಸರು ಎಥಿನೈಲ್ ಎಸ್ಟ್ರಡಯಾಲ್. ನುಂಗಿದ್ದರಲ್ಲಿ ಒಂದು ಪಾಲು ಹೊರಬಂದು ಚರಂಡಿ ಸೇರುತ್ತದೆ. ಪ್ರಮಾಣ ತೀರಾ ಕಡಿಮೆ, ಪ್ರಭಾವ ಜಾಸ್ತಿ. ಕೆನಡಾದಲ್ಲಿ ಪ್ರಯೋಗಕ್ಕೆಂದೇ ಇಟ್ಟ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಇದನ್ನು ಬೆರೆಸಿದರು. ಲೀಟರಿಗೆ 5-6 ನ್ಯಾನೋಗ್ರಾಂ, ಅಂದರೆ ಸುಮಾರು 20 ಕೋಟಿ ಲೀಟರಿಗೆ ಒಂದು ಗ್ರಾಂ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಪ್ರೋಟೀನ್ ತಯಾರಾಗತೊಡಗಿತು. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಅಲ್ಲಿ ಹೆಚ್ಚುಕಮ್ಮಿ ಅಳಿದೇ ಹೋಯಿತು.

ಈ ಹಾರ್ಮೋನಿನ ಒಂದು ತುದಿಯಲ್ಲಿ ಫೀನಾಲ್ ಉಂಗುರ (ಇಂಗಾಲದ ಆರು ಪರಮಾಣುಗಳ ಬಳೆ) ಇದೆ. ಅದು ಹಾರ್ಮೋನಿನ ಬೀಗದ ಕೈ ಇದ್ದ ಹಾಗೆ. ಓಝೋನ್ ಮೊದಲು ಬಾಯಿ ಹಾಕುವುದೂ ಅಲ್ಲಿಗೇ. ಉಂಗುರ ಒಡೆದರೆ ಆಟ ಮುಗಿಯಿತು. ಪ್ಲಾಸ್ಟಿಕ್‌ನಿಂದ ಬರುವ ಬಿಸ್‌ಫೀನಾಲ್-ಎಗೂ ಇದೇ ಗತಿ. ಕ್ಲೋರಿನ್ ಕೂಡ ಆ ಉಂಗುರವನ್ನು ಹಿಡಿಯುತ್ತದೆ, ಆದರೆ ನಿಧಾನ, ಜೊತೆಗೆ ತಾನೇ ಅಂಟಿಕೊಂಡು ಬೇರೆ ರಗಳೆ ಮಾಡುತ್ತದೆ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಕ್ಲೋರಮಿನ್ ಆಗಿಬಿಡುತ್ತದೆ. ಆಮೇಲೆ ಹಾರ್ಮೋನಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.

ಇನ್ನು ನಂಬಬಾರದ ಅರ್ಧ. ನಾನು ಲ್ಯಾಬಿನಲ್ಲಿದ್ದಾಗ ನೀರಿನಲ್ಲಿ ಓಝೋನ್ ಎಷ್ಟಿದೆ ಎಂದು ಅಳೆಯಲು ಇಂಡಿಗೋ ಬಣ್ಣ ಬಳಸುತ್ತಿದ್ದೆವು. ಓಝೋನ್ ಇರುವ ನೀರು ಬಿದ್ದರೆ ಸಾಕು, ನೀಲಿ ಮಾಯ. ಒಮ್ಮೆ ಒಂದು ಎಸ್‌ಟಿಪಿಯ ನೀರಿಗೆ ಓಝೋನ್ ಬಿಟ್ಟು ನೋಡಿದೆ. ನೀಲಿ ಹಾಗೇ ಇತ್ತು. ಮಶೀನ್ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಸುಮ್ನೆ ಪೈಪು ಬಿಚ್ಚಿದೆ, ಜೋಡಿಸಿದೆ. ಕೆಟ್ಟಿದ್ದು ಮಶೀನ್ ಅಲ್ಲ, ನೀರು. ಅದರಲ್ಲಿದ್ದ ಕೊಳೆ ಬಿಟ್ಟ ಓಝೋನನ್ನೆಲ್ಲ ತಿಂದು ಹಾಕಿತ್ತು. ಬ್ಯಾಕ್ಟೀರಿಯಾ ಅಮೋನಿಯಾವನ್ನು ಅರ್ಧಕ್ಕೇ ಬಿಟ್ಟು ನೈಟ್ರೈಟ್ ಉಳಿದಿದ್ದರಂತೂ ಅದು ತನ್ನ ತೂಕದಷ್ಟು ಓಝೋನ್ ನುಂಗುತ್ತದೆ. ಅಲ್ಲಿ ಆಗಿದ್ದೇನು ಗೊತ್ತೇ? ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ (ಟ್ಯಾಂಕಿನ ಬ್ಯಾಕ್ಟೀರಿಯಾಗೆ ಗಾಳಿ ಊದುವ ಯಂತ್ರ) ಆಫ್ ಮಾಡುತ್ತಿದ್ದರು! ಗಾಳಿ ಇಲ್ಲದೆ ಅವು ಕೊಳೆ ತಿನ್ನುವ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ 2014ರಿಂದ ಊರಿನ ಕೊಳಚೆ ನೀರಿಗೆ ಓಝೋನ್ ಕೊಡುತ್ತಿದ್ದಾರೆ. ಅಲ್ಲೂ ಮೊದಲು ಬ್ಯಾಕ್ಟೀರಿಯಾ ತಿಂದು ಮುಗಿಸಬೇಕು, ಆಮೇಲೆ ಓಝೋನ್, ಕೊನೆಗೆ ಒಡೆದ ಚೂರುಗಳನ್ನು ತಿನ್ನಲು ಬ್ಯಾಕ್ಟೀರಿಯಾ ಬೆಳೆದ ಮರಳಿನ ಫಿಲ್ಟರ್. ಅಲ್ಲಿ ನೀರು ಹೋಗುವುದು ಮೀನಿರುವ ಹೊಳೆಗೆ. ನಿಮ್ಮದು ಫ್ಲಶ್‌ಗೆ, ಕ್ರೋಟನ್ ಗಿಡಕ್ಕೆ. ಅಷ್ಟಕ್ಕೆ ಲಕ್ಷಗಟ್ಟಲೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಬ್ಲೋವರ್ ಇಪ್ಪತ್ನಾಲ್ಕು ಗಂಟೆ ಓಡಲಿ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಸಾಕಷ್ಟು ದಿನ ಟ್ಯಾಂಕಿನಲ್ಲಿ ಇರಲಿ. ನಮ್ಮ ದೇಹದ್ದೇ ಹಾರ್ಮೋನ್ ಎಸ್ಟ್ರಡಯಾಲ್‌ನ ಬಹುಪಾಲನ್ನು ಬ್ಯಾಕ್ಟೀರಿಯಾಗಳೇ ಮುಗಿಸುತ್ತವೆ. ಮಾತ್ರೆಯದ್ದು ಮಾತ್ರ ಸ್ವಲ್ಪ ಹಟಮಾರಿ.

ಮಾರುವವರು ಮತ್ತೆ ಬಂದರೆ ಎರಡೇ ಕೇಳಿ. ನಮ್ಮ ನೀರಿನ ಸಿಒಡಿ (ಕೊಳೆ ಎಷ್ಟಿದೆ ಎಂಬ ಅಳತೆ), ನೈಟ್ರೈಟ್ ನೋಡಿದಿರಾ? ಅದಕ್ಕೆ ಗಂಟೆಗೆ ಎಷ್ಟು ಗ್ರಾಂ ಓಝೋನ್ ಬೇಕು? ಹಾಕಿಸಿಯೇ ಬಿಟ್ಟರೆ, ಪಂಪ್ ರೂಮಿನಲ್ಲಿ ಝೆರಾಕ್ಸ್ ಅಂಗಡಿಯ ವಾಸನೆ ಬಂದ ಕೂಡಲೇ ಮಶೀನ್ ಆಫ್ ಮಾಡಿ ಆಚೆ ಬನ್ನಿ. ಅದು ಸೋರುತ್ತಿರುವ ಓಝೋನ್, ಶ್ವಾಸಕೋಶಕ್ಕೆ ಒಳ್ಳೆಯದಲ್ಲ.