ಅಟ್ಟೆಗೆ ಇವತ್ತು ಎಷ್ಟು?

ಪಿಯುಸಿ ಫಲಿತಾಂಶ ಬಂದ ವಾರದಿಂದ ಪದವಿ ಕಾಲೇಜುಗಳ ಪ್ರವೇಶ ಮುಗಿಯುವವರೆಗೆ ಆಪ್ತಸಲಹೆಗೆ ಬರುವ ಮಕ್ಕಳಲ್ಲಿ ಒಂದು ಬಗೆಯವರು ಪ್ರತಿವರ್ಷ ಇದ್ದೇ ಇರುತ್ತಾರೆ. ಚೆನ್ನಾಗಿ ಬರೆಯುತ್ತಾರೆ, ಚೆನ್ನಾಗಿ ಬರೆಯುತ್ತೇವೆ ಎಂಬುದು ಅವರಿಗೂ ಗೊತ್ತು, ಆದ್ದರಿಂದ ಪತ್ರಕರ್ತರಾಗಬೇಕು ಎಂದು ಹಟ ಹಿಡಿದಿರುತ್ತಾರೆ. ಈ ‘ಆದ್ದರಿಂದ’ ಎಂಬ ಪದದ ಮೇಲೆಯೇ ನನ್ನ ಅನುಮಾನ. ಅದಕ್ಕಾಗಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹುಡುಗಿ ಮತ್ತು ತಾಯಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮಲ್ಲಿಗೆಯನ್ನು ಮಾತ್ರ ಬದಲಿಸಲಿಲ್ಲ. ಉಡುಪಿ ಜಿಲ್ಲೆಯ ಶಂಕರಪುರ, ಶಿರ್ವ, ಕಟಪಾಡಿ ಸುತ್ತ ಅಂಗಳದಲ್ಲಿ ಮಲ್ಲಿಗೆ ಇರುವ ಮನೆಗಳು ಎಷ್ಟೋ ಇವೆ, ಅದರಿಂದ ಯಾರ ಗುರುತೂ ಸಿಗುವುದಿಲ್ಲ.

ವಯಸ್ಸು 17, ಓದಿದ್ದು ಕಾಮರ್ಸ್. ತಂದೆಗೆ ಮುಂಬೈಯಲ್ಲಿ ಹೋಟೆಲ್ ಕೆಲಸ. ತಾಯಿ ಮನೆಯಲ್ಲೇ ಇದ್ದು ಮಲ್ಲಿಗೆ ಬೆಳೆದು, ಕೊಯ್ದು, ಕಟ್ಟಿ ಕೊಡುತ್ತಾರೆ. ಮನೆಯವರು ಬಿ.ಕಾಂ., ಜೊತೆಗೆ ಸಿಎ ಎಂದರೆ ಹುಡುಗಿ ಪತ್ರಿಕೋದ್ಯಮ ಎಂದಳು. ಅತಿ ಜೋರಾಗಿ ಬೇಡ ಎಂದವರು ತಾಯಿಯ ಅಣ್ಣ. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ಹೊರಡಿಸಿದ ‘ಮುಂಗಾರು’ ಪತ್ರಿಕೆ ಓದಿ ಬೆಳೆದ ತಲೆಮಾರು ಅವರದು. “ಅಂಥ ಪೇಪರೇ ಉಳಿಲಿಲ್ಲ, ಇನ್ನು ಇವಳು ಹೋಗಿ ಎಂತ ಮಾಡುದು?” ಎಂಬುದು ಅವರ ವಾದ. ಪತ್ರಿಕೆಗಳನ್ನು ತಿರಸ್ಕರಿಸುವ ಮಾತಲ್ಲ ಅದು; ಒಂದನ್ನು ಪ್ರೀತಿಸಿ ಕಳೆದುಕೊಂಡವರ ಮಾತು. ಇಂಥ ಹಿರಿಯರನ್ನು ‘ಹಳೇ ಕಾಲದವರು’ ಎಂದು ಬದಿಗೆ ಸರಿಸುವ ಸಲಹೆಗಾರರು ಅರ್ಧ ಪ್ರಕರಣವನ್ನು ಅಲ್ಲೇ ಕಳೆದುಕೊಳ್ಳುತ್ತಾರೆ.

ಮೊದಲ ದಿನ ತಾಯಿ ಬ್ಯಾಗಿನಿಂದ ಮೂರು ನೋಟ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮಗಳ ಕವನದ ಪುಸ್ತಕಗಳು, ಅವಳಿಗೆ ಗೊತ್ತಿಲ್ಲದೆ ತಂದದ್ದು. “ನೀವೇ ಓದಿ ನೋಡಿ ಮೇಡಂ, ಬರೀ ಬೇಜಾರದ್ದೇ ಉಂಟು.” ಪುಸ್ತಕಗಳನ್ನು ತೆರೆಯಲಿಲ್ಲ. ಹುಡುಗಿಯನ್ನು ಒಳಗೆ ಕರೆದು, ಅವಳ ಎದುರೇ ಅವಳ ಕೈಗೆ ಕೊಟ್ಟೆ. ಬರೆಯುವ ಮಕ್ಕಳ ವಿಷಯದಲ್ಲಿ ಪಾಲಕರಿಗೆ ಹೇಳುವ ಮೊದಲ ಮಾತು ಇದೇ: ಕದ್ದು ಓದಿದ ಪುಸ್ತಕದಲ್ಲಿ ಆಮೇಲೆ ನಿಜ ಇರುವುದಿಲ್ಲ. ಹಾಗೆಂದು ‘ಬೇಜಾರ’ ಎಂಬ ಮಾತನ್ನು ಕೇಳಿಸದಂತೆ ಬಿಡುವಂತಿಲ್ಲ. ನಿದ್ದೆ, ಊಟ, ಗೆಳತಿಯರ ಒಡನಾಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದೆಯೇ, ಬದುಕಬಾರದು ಅನ್ನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಭಯ. ಹೌದು ಎಂದಿದ್ದರೆ ಕೋರ್ಸಿನ ಮಾತನ್ನು ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸಬೇಕಿತ್ತು. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಇವಳಲ್ಲಿ ಹಾಗೇನೂ ಇರಲಿಲ್ಲ. ಬೇಜಾರದ ಕವನ ಆ ವಯಸ್ಸಿನ ವ್ಯಾಕರಣ, ಅಷ್ಟೇ.

ಇನ್ನೊಂದು ಜರಡಿಯೂ ಇದೆ. ಬರವಣಿಗೆಯ ಪ್ರೀತಿ ಮೊದಲೋ, ಓದುತ್ತಿರುವ ವಿಷಯದ ಮೇಲಿನ ಬೇಸರ ಮೊದಲೋ? ಫಿಸಿಕ್ಸಿನಲ್ಲಿ ಎರಡು ಟೆಸ್ಟ್ ಹೋದ ಮೇಲೆ ಹುಟ್ಟಿದ ಪತ್ರಿಕೋದ್ಯಮದ ಆಸೆ ಮುಂದಿನ ಟೆಸ್ಟಿನಲ್ಲಿ ಪಾಸಾದರೆ ಹೋಗುತ್ತದೆ. ಇವಳು ಏಳನೇ ತರಗತಿಯಿಂದ ಬರೆಯುತ್ತಿದ್ದಳು, ಕಾಲೇಜಿನ ಭಿತ್ತಿಪತ್ರಿಕೆಯನ್ನು ಎರಡು ವರ್ಷ ನಡೆಸಿದ್ದಳು, ಲೆಕ್ಕಶಾಸ್ತ್ರದಲ್ಲಿ ಅಂಕವೂ ಚೆನ್ನಾಗಿತ್ತು. ಆದರೆ ಪೇಪರಿನಲ್ಲಿ ಮೊದಲು ಯಾವ ಪುಟ ತೆಗೆಯುತ್ತಿ ಎಂದಾಗ “ಪುರವಣಿ” ಎಂದಳು. ಕಳೆದ ವಾರ ಓದಿದ ಒಂದು ಸ್ಥಳೀಯ ಸುದ್ದಿ ಹೇಳು ಎಂದಾಗ ತಡವರಿಸಿದಳು.

ಎರಡನೇ ಭೇಟಿಯಲ್ಲಿ ಒಂದು ಕೆಲಸ ಕೊಟ್ಟೆ. ಮನೆಯ ಅಂಗಳದ್ದೇ ವಿಷಯ: ಮಲ್ಲಿಗೆಯ ದರ ದಿನಾ ಹೇಗೆ ನಿಗದಿಯಾಗುತ್ತದೆ? 250 ಪದ, ಹೆಚ್ಚಿಲ್ಲ. ಮೂವರನ್ನು ಕೇಳಬೇಕು, ಅವರಲ್ಲಿ ಒಬ್ಬರಾದರೂ ಮೊದಲು ಮಾತಾಡಿಸದವರಾಗಿರಬೇಕು. ಯಾವುದಾದರೂ ಒಂದು ಅಂಕಿಯನ್ನು ಎರಡು ಕಡೆ ವಿಚಾರಿಸಿ ಸರಿ ನೋಡಬೇಕು. ಕೇಳಿದವರ ಹೆಸರು, ಫೋನ್ ನಂಬರ್, ಕೇಳಿದ ದಿನ, ಹೊತ್ತು ಪುಸ್ತಕದ ಬದಿಯಲ್ಲಿ ಇರಬೇಕು. ಅವಧಿ ಒಂದು ವಾರ.

ಮೂರನೇ ಭೇಟಿಗೆ ಬಂದಾಗ ಕೈಯಲ್ಲಿ ನಾಲ್ಕು ಪುಟ. ಬೆಳಗಿನ ಇಬ್ಬನಿ, ಮೊಗ್ಗು ಬಿರಿಯುವ ಮುನ್ನ ಕೊಯ್ಯುವ ಅವಸರ, ಬಾಳೆನಾರಿನಲ್ಲಿ ಓಡುವ ಅಮ್ಮನ ಬೆರಳು, ಉಗುರಿನ ಅಂಚಿನ ಹಸಿರು ಕಲೆ. ಓದಲು ಸೊಗಸಾಗಿತ್ತು. ಅದರಲ್ಲೂ ಆ ಹಸಿರು ಕಲೆ, ನೋಡದೆ ಬರೆಯಲು ಬರುವಂಥದ್ದಲ್ಲ. ದರ ಮಾತ್ರ ಎಲ್ಲಿಯೂ ಇರಲಿಲ್ಲ.

“ಅಟ್ಟೆಗೆ ಇವತ್ತು ಎಷ್ಟು?” ಎಂದು ಕೇಳಿದೆ. ಕಟ್ಟಿದ ಮಲ್ಲಿಗೆಯನ್ನು ಮಾರುವ ಲೆಕ್ಕ ಅಟ್ಟೆ.

“ಅಮ್ಮನಿಗೆ ಗೊತ್ತುಂಟು.”

“ಕೇಳಿದ್ದಿಯಾ?”

“ಇಲ್ಲ.”

“ಹೂ ಕೊಡುವ ಕಟ್ಟೆಗೆ ಹೋಗಿದ್ದಿಯಾ?”

“ಹೋಗಿದ್ದೆ. ನಿಂತು ನೋಡಿದೆ. ಯಾರನ್ನೂ ಕೇಳ್ಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ ಹೇಳಿದಳು: “ಕೇಳಿದ್ರೆ ಅವ್ರು ಹೇಳುದು ನಾನು ಬರ್ದಷ್ಟು ಚಂದ ಇರುದಿಲ್ಲ ಮೇಡಂ.”

ಇಷ್ಟು ಪ್ರಾಮಾಣಿಕವಾಗಿ ಇದನ್ನು ಹೇಳುವವರು ಅಪರೂಪ. ಇದೇ ಮಾತನ್ನು ಹೇಳದೆ ಪತ್ರಿಕೋದ್ಯಮದ ಕೋರ್ಸ್ ಸೇರಿ, ಮೂರು ವರ್ಷ ಕಳೆದು, ಮೊದಲ ಕೆಲಸದ ಎರಡನೇ ತಿಂಗಳಲ್ಲಿ ಪೊಲೀಸ್ ಠಾಣೆಗೆ ಫೋನ್ ಮಾಡಲಾಗದೆ ಕೈ ನಡುಗಿ ಬಿಟ್ಟುಬಂದವರಿದ್ದಾರೆ. ಅವಳ ಮಾತನ್ನು ಸೊಕ್ಕು ಎಂದುಕೊಳ್ಳುವುದು ಸುಲಭ. ಅದರೊಳಗೆ ಇದ್ದದ್ದು ಎರಡು ಸಂಗತಿ. ಒಂದು, ಗುರುತಿಲ್ಲದವರ ಎದುರು ಬಾಯಿ ತೆರೆಯುವ ಅಳುಕು. ಅದನ್ನು ಅವಳು ‘ಚಂದ’ದ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಇನ್ನೊಂದು, ತನ್ನ ವಾಕ್ಯದ ಮೇಲೆ ಕವಿಗೆ ಇರುವ ಒಡೆತನದ ಭಾವ. ಮೊದಲನೆಯದನ್ನು ಅಭ್ಯಾಸದಿಂದ ತಿದ್ದಬಹುದು. ಎರಡನೆಯದನ್ನು ತಿದ್ದಬೇಕಾಗಿಯೇ ಇಲ್ಲ, ಆದರೆ ಅದರ ಜಾಗ ಬೇರೆ.

ಅವಳ ಮನೆಯವರು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುವವರು. ಹಾಗಾಗಿ ಕೇಳಿದೆ: ಎದುರು ಪಾತ್ರದ ಮಾತಾಡುವ ಅರ್ಥಧಾರಿ ಏನು ಕೇಳಿದ ಎಂಬುದಕ್ಕೆ ಕಿವಿಗೊಡದೆ, ಮನೆಯಲ್ಲಿ ಕಲಿತು ತಂದ ಚಂದದ ಮಾತನ್ನೇ ಒಬ್ಬ ಹೇಳುತ್ತ ಹೋದರೆ?

“ಜನ ಎದ್ದು ಹೋಗ್ತಾರೆ,” ಎಂದಳು. ನಕ್ಕಳು. ಆಮೇಲೆ ನಗು ನಿಂತಿತು.

ಅವತ್ತು ಅವಳಿಗೆ ಹೇಳಿದ್ದು ಇಷ್ಟು. ನಿನ್ನ ಬರವಣಿಗೆ ಚೆನ್ನಾಗಿದೆ, ಅದು ಪತ್ರಿಕೋದ್ಯಮ ಅಲ್ಲ. ಸುದ್ದಿಯ ಕೆಲಸದಲ್ಲಿ ಬರೆಯುವುದು ಕೊನೆಯ ಅರ್ಧ ಗಂಟೆ; ಅದಕ್ಕೆ ಮೊದಲಿನ ಐದಾರು ಗಂಟೆ ಕಾಯುವುದು, ಕೇಳುವುದು, ಇನ್ನೊಮ್ಮೆ ಕೇಳುವುದು, ಅಂಕಿ ಸರಿ ನೋಡುವುದು. ಆ ಐದಾರು ಗಂಟೆ ನಿನಗೆ ಹಿಡಿಸುತ್ತದೆಯೇ ಎಂದು ಕೋರ್ಸಿಗೆ ಹಣ ಕಟ್ಟುವ ಮೊದಲು ತಿಳಿದುಕೊಳ್ಳಬೇಕು.

ಅವಳ ಕಾಲೇಜಿನ ಕನ್ನಡ ಉಪನ್ಯಾಸಕರೊಬ್ಬರಿಗೆ ಇದು ಹಿಡಿಸಲಿಲ್ಲ. ಕವನ ಬರೆಯುವ ಮಗುವನ್ನು ದರ ಕೇಳಲು ಕಳಿಸುವುದು ಮೊಳಕೆ ಚಿವುಟಿದ ಹಾಗೆ ಎಂದರು. ಅವರ ಕಾಳಜಿ ನಿಜವಾದದ್ದು. ಆದರೆ ‘ಕನಸಿನ ಬೆನ್ನು ಹತ್ತು’ ಎಂದು ಹೇಳಲು ನಮಗೆ ಖರ್ಚಿಲ್ಲ. ಶುಲ್ಕ ಕಟ್ಟುವುದು ಮುಂಬೈಯಲ್ಲಿ ಕೌಂಟರಿನ ಹಿಂದೆ ನಿಂತಿರುವ ಅಪ್ಪ. ತಾಲ್ಲೂಕು ಮಟ್ಟದಲ್ಲಿ ಕೆಲಸ ಆರಂಭಿಸುವ ಎಷ್ಟೋ ಜನ ಬಿಡಿ ಸುದ್ದಿಗಾರರು. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂಬ ಲೆಕ್ಕ, ಪೆಟ್ರೋಲ್ ಅವರದೇ. ಇದನ್ನು 17ರ ಹುಡುಗಿಗೆ ಹೇಳದೆ ಮುಚ್ಚಿಟ್ಟರೆ ಅದು ಕರುಣೆ ಆಗುವುದಿಲ್ಲ. ಮೊಳಕೆಯ ಮಾತಿಗೆ ಬಂದರೆ, ಕವನ ಬಿಡು ಎಂದು ಯಾರೂ ಹೇಳಿರಲಿಲ್ಲ. ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡು, ಒಂದರ ವಾಕ್ಯ ಇನ್ನೊಂದಕ್ಕೆ ಹೋಗಬಾರದು ಎಂದಷ್ಟೇ ಹೇಳಿದ್ದು. ಆದರೂ ಅವಳು ಆ ದಿನ ಹೊರಟ ರೀತಿ ನೋಡಿ, ಅಷ್ಟು ನೇರವಾಗಿ ಹೇಳಬೇಕಿತ್ತೇ ಎಂದು ಆಮೇಲೆ ಅನ್ನಿಸಿದ್ದುಂಟು.

ಅದೇ ಕೆಲಸವನ್ನು ಮತ್ತೆ ಕೊಟ್ಟೆ. ಅಳುಕು ಇರುವವರಿಗೆಂದು ಸ್ವಲ್ಪ ಸಣ್ಣದಾಗಿಸಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು, ಮೂರೇ ಮೂರು, ‘ಹೌದು–ಅಲ್ಲ’ದಲ್ಲಿ ಮುಗಿಯದಂಥವು. ‘ದರ ಸರಿ ಉಂಟಾ?’ ಎಂದರೆ ‘ಉಂಟು’ ಎಂದು ಹೇಳಿ ಕಳಿಸುತ್ತಾರೆ. ‘ನಿನ್ನೆಗಿಂತ ಇವತ್ತು ಯಾಕೆ ಇಳಿಯಿತು?’ ಎಂದರೆ ನಿಂತು ಮಾತಾಡುತ್ತಾರೆ. ಹೆಸರು, ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಬೇಕು. ಹೂ ಲೆಕ್ಕ ಮಾಡುವ ಗಡಿಬಿಡಿಯ ಹೊತ್ತು ಬೇಡ, ಪಾರ್ಸೆಲ್ ಹೋದ ಮೇಲೆ ಹೋಗು. ಯಾರಾದರೂ ಬೈದು ಕಳಿಸಿದರೆ ಅದನ್ನೂ ಪುಸ್ತಕದಲ್ಲಿ ಹೊತ್ತಿನೊಂದಿಗೆ ಬರೆದುಕೋ. ಈ ಕೊನೆಯದು ಕೆಲಸ ಮಾಡುತ್ತದೆ: ಬೈಗುಳ ಅವಮಾನವಾಗಿ ಉಳಿಯದೆ ಟಿಪ್ಪಣಿಯಾಗುತ್ತದೆ.

ತಂದದ್ದು 190 ಪದ. ಸಪ್ಪೆ ಬರಹ, ಒಂದೇ ಒಂದು ಉಪಮೆ ಇಲ್ಲ. ಕಟ್ಟೆಯ ಒಬ್ಬರು ಮೊದಲ ದಿನ “ನಿನಗೆ ಎಂತಕ್ಕೆ?” ಎಂದು ಓಡಿಸಿದ್ದರು, ಎರಡನೇ ದಿನ ಕುರ್ಚಿ ಕೊಟ್ಟಿದ್ದರು. ಬೆಳಿಗ್ಗೆ ಹೂ ಕೊಡುವ ಹೊತ್ತಿಗೆ ಬೆಳೆಗಾರರಿಗೆ ಆ ದಿನದ ದರ ಗೊತ್ತಿರುವುದಿಲ್ಲ ಎಂಬುದನ್ನು ಎರಡನೇ ವಾಕ್ಯದಲ್ಲೇ ಹಾಕಿದ್ದಳು. ಅದೇ ಸುದ್ದಿ. ಅದು ಮೊದಲ ವಾಕ್ಯ ಆಗಬೇಕಿತ್ತು. ಒಂದು ತಪ್ಪೂ ಇತ್ತು: ಒಂದು ಚೆಂಡಿಗೆ ಸಾವಿರ ಹೂ ಎಂದು ಬರೆದಿದ್ದಳು. ಯಾರೋ ಬಾಯಿಮಾತಿಗೆ ಹೇಳಿದ್ದನ್ನು ಹಾಗೇ ಇಳಿಸಿದ್ದು. ಅದನ್ನು ಹಿಡಿದವರು ತಾಯಿ. “ಸಾವಿರ ಅಲ್ಲ, ಎಂಟ್ನೂರು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನಾ ಕಟ್ಟುವವಳ ಮಗಳಿಗೆ ಇದು ಗೊತ್ತಿಲ್ವಾ?” ಮೂರು ಪುಸ್ತಕ ಕದ್ದು ಓದಿದ ತಾಯಿಗೆ ಮಗಳು ಓದಲು ತಾನಾಗಿ ಕೊಟ್ಟ ಮೊದಲ ಬರಹ ಅದು.

ಆಮೇಲಿನದು ಲೆಕ್ಕಾಚಾರ. ಪದವಿಯ ವಿಷಯಕ್ಕೆ ಈ ಮನೆಯಲ್ಲಿ ನಡೆದಷ್ಟು ಜಗಳ ಬೇಕಾಗಿಯೇ ಇಲ್ಲ. ಪತ್ರಿಕೋದ್ಯಮದ ಸ್ನಾತಕೋತ್ತರ ಓದಿಗೆ ಸಾಮಾನ್ಯವಾಗಿ ಯಾವುದೇ ಪದವಿ ನಡೆಯುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೇ ಅದರ ವಿಭಾಗ ಇದೆ, ಮನೆಯಿಂದ ಬಹಳ ದೂರವಲ್ಲ. ಸಹಕಾರಿ ಸಂಘದ ಆಯವ್ಯಯ ಪಟ್ಟಿ ಓದಿ ಅರ್ಥಮಾಡಿಕೊಳ್ಳಬಲ್ಲ ವರದಿಗಾರರು ಕಡಿಮೆ, ಬಿ.ಕಾಂ. ಓದಿದರೆ ನಷ್ಟವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪದವಿಯಲ್ಲೇ ಪತ್ರಿಕೋದ್ಯಮ ಬೇಕೆನ್ನುವವರಿಗೆ ಮಂಗಳೂರು, ಉಜಿರೆ, ಮೂಡುಬಿದಿರೆಗಳಲ್ಲಿ ಅವಕಾಶವಿದೆ. ಸೇರುವ ಮುನ್ನ ಅಲ್ಲಿನ ವಿದ್ಯಾರ್ಥಿಗಳು ಹೊರಡಿಸುವ ಪತ್ರಿಕೆಯ ಹಿಂದಿನ ಎರಡು ಸಂಚಿಕೆ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಬರೀ ಕಾಲೇಜಿನ ಸಮಾರಂಭಗಳ ವರದಿ ಇದ್ದರೆ ಅಲ್ಲಿ ಕಲಿಸುವುದು ಅಷ್ಟೇ.

ಹುಡುಗಿ, ತಾಯಿ, ಮಾವ ಮೂವರೂ ಕೂತು ಒಂದು ಹಾಳೆಯಲ್ಲಿ ಒಪ್ಪಂದ ಬರೆದರು. ಬಿ.ಕಾಂ. ಸೇರುವುದು. ಎರಡು ವರ್ಷ ಸಿಎ ಮಾತು ಯಾರೂ ಎತ್ತಬಾರದು. ಅವಳು ತಿಂಗಳಿಗೊಂದು ವರದಿ, ಮೂವರನ್ನು ಕೇಳಿ, ಬರೆಯಬೇಕು, ಪ್ರಕಟವಾಗಬೇಕೆಂದಿಲ್ಲ. 24 ತಿಂಗಳಿಗೆ 20 ಆದರೂ ಇದ್ದರೆ ಮುಂದಿನ ಎಂ.ಎ. ಖರ್ಚು ಮನೆಯದು. 12ಕ್ಕಿಂತ ಕಡಿಮೆ ಆದರೆ ಅವಳೇ ಆ ಮಾತು ಬಿಡುವುದು. ನಡುವೆ ಇದ್ದರೆ ಮತ್ತೆ ಕೂತು ಮಾತಾಡುವುದು. ಮಾವ ಸಹಿ ಹಾಕಿದರು, ಮುಖ ಸಡಿಲಾಗಲಿಲ್ಲ.

ಜೊತೆಗೆ ಕೊಟ್ಟ ಕೆಲವು ಸಣ್ಣ ಕೆಲಸಗಳು ಉಳಿದವರಿಗೂ ಉಪಯೋಗವಾದಾವು. ಗ್ರಾಮಸಭೆ ನಡೆದಾಗ ಹಿಂದಿನ ಸಾಲಿನಲ್ಲಿ ಕೂತು ಯಾರು ಏನು ಕೇಳಿದರು, ಅಧಿಕಾರಿ ಏನು ಉತ್ತರ ಕೊಟ್ಟರು ಎಂದು ಬರೆದುಕೊಳ್ಳುವುದು. ಇದಕ್ಕಿಂತ ಒಳ್ಳೆಯ ಉಚಿತ ತರಗತಿ ಇಲ್ಲ. ಸಂಪಾದಕರಿಗೆ ಪತ್ರ ಬರೆಯುವುದು, 120 ಪದದೊಳಗೆ, ಒಂದೇ ವಿಷಯ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ನೋಡುವುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ನಾಲ್ಕು ಪುಟ ಬರೆಯುವವರಿಗೆ ಇದೇ ದೊಡ್ಡ ಪಾಠ. ಇನ್ನು ಕನ್ನಡ ಟೈಪಿಂಗ್. ಮೊಬೈಲಿಗೆ ಮಾತಾಡಿ ಬರೆಸುವ ಅಭ್ಯಾಸ ಸುದ್ದಿಮನೆಯ ಗಲಾಟೆಯಲ್ಲಿ ನಡೆಯದು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿರುವ ಕೀಲಿಮಣೆ ವಿನ್ಯಾಸ ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರದು, ದಿನಕ್ಕೆ 20 ನಿಮಿಷದಂತೆ ಮೂರು ವಾರ ಕೂತರೆ ಕೈಗೆ ಹತ್ತುತ್ತದೆ.

ಇದುವರೆಗೆ ಐದು ವರದಿ ಬಂದಿವೆ, ಒಂದು ತಿಂಗಳು ತಪ್ಪಿದೆ. ಕವನದ ಪುಸ್ತಕ ಎಷ್ಟನೆಯದಾಯಿತೋ, ಕೇಳಿಲ್ಲ. ಮಳೆ ಜೋರಾದ ಒಂದು ವಾರ ವಾಟ್ಸಾಪಿನಲ್ಲಿ ಒಂದು ಪ್ರಶ್ನೆ ಬಂತು: “ಕಟ್ಟೆಯವ್ರು ಹೂವೇ ಬರುದಿಲ್ಲ ಅಂತಾರೆ, ಅಮ್ಮ ಹೂ ಉಂಟು, ತೆಗೊಳ್ಳುವವ್ರಿಲ್ಲ ಅಂತಾರೆ. ಯಾವುದು ಹಾಕುದು?” ಎರಡನ್ನೂ ಹಾಕು, ಯಾರು ಹೇಳಿದ್ದೆಂದು ಬರೆ, ಅಮ್ಮ ನಿನ್ನ ಅಮ್ಮ ಎಂಬುದನ್ನೂ ಬರೆ, ಮತ್ತೆ ಮೂರನೆಯವರನ್ನು ಕೇಳು ಎಂದು ಉತ್ತರಿಸಿದೆ. ಮೂರನೆಯವರು ಯಾರು ಎಂದು ಅವಳು ತಿರುಗಿ ಕೇಳಲಿಲ್ಲ.